ಎರಡು ದಿನ ಪ್ಯಾಡ್ ಕಟ್ಟಿ ಕೂತ ಹುಡುಗ: ಶಾರದಾಶ್ರಮ ತಂಡದ 1987–88ರ ಸೀಸನ್ ಬಗ್ಗೆ ಒಂದು ಚರ್ಚೆ

ಲಾಂಗ್‌ಆನ್:
ಶಾಲಾ ಕ್ರಿಕೆಟ್ ಮಾತು ಬಂದರೆ ಸಾಕು, ಯಾರಾದರೂ ಒಬ್ಬರು 664 ರನ್ನಿನ ಆ ಜೊತೆಯಾಟ ಅಂದೇ ಅನ್ನುತ್ತಾರೆ. ಹೊಸಬರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. 1988ರ ಫೆಬ್ರವರಿ, ಮುಂಬೈನ ಆಜಾದ್ ಮೈದಾನ, ಅಲ್ಲಿನ ಶಾಲೆಗಳ ನಡುವಿನ ಟೂರ್ನಿ ಹ್ಯಾರಿಸ್ ಶೀಲ್ಡ್‌ನ ಸೆಮಿಫೈನಲ್. ದಾದರ್‌ನ ಶಾರದಾಶ್ರಮ ವಿದ್ಯಾಮಂದಿರಕ್ಕೆ ಎದುರಾಳಿ ಸೇಂಟ್ ಝೇವಿಯರ್ಸ್ ಹೈಸ್ಕೂಲ್. 84 ರನ್ನಿಗೆ 2 ವಿಕೆಟ್ ಹೋಗಿತ್ತು. ಆಮೇಲೆ ಮೂರನೇ ವಿಕೆಟ್ ಬೀಳಲೇ ಇಲ್ಲ. ಸಚಿನ್ ತೆಂಡೂಲ್ಕರ್ ಔಟಾಗದೆ 326, ವಿನೋದ್ ಕಾಂಬ್ಳಿ ಔಟಾಗದೆ 349. ತಂಡದ ಮೊತ್ತ 748ಕ್ಕೆ 2, ಡಿಕ್ಲೇರ್. ಆಗ ಸಚಿನ್‌ಗೆ 14 ವರ್ಷ, ಕಾಂಬ್ಳಿಗೆ 16.

ಇದೆಲ್ಲ ಎಲ್ಲರಿಗೂ ಗೊತ್ತು. ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಬೇರೆ. ಮುಂದಿನ ಬ್ಯಾಟ್ಸ್‌ಮನ್ ಆಗಿ ಪ್ಯಾಡ್ ಕಟ್ಟಿಕೊಂಡು ಬೌಂಡರಿ ಆಚೆ ಕೂತಿದ್ದ ಹುಡುಗ ಒಬ್ಬನಿದ್ದ. ವಯಸ್ಸು 13. ಹೆಸರು ಅಮೋಲ್ ಮಜುಂದಾರ್. ಅವನ ಸರದಿ ಬರಲೇ ಇಲ್ಲ. ಅವನ ಹಿಂದೆ ಇನ್ನೂ ಆರು ಜನ. ಅವರೆಲ್ಲರ ಅಪ್ಪ ಅಮ್ಮನೂ ಬೆಳಿಗ್ಗೆ ಡಬ್ಬಿ ಕಟ್ಟಿಯೇ ಕಳಿಸಿದ್ದರು ಅಲ್ವಾ?

ಶಾಲಾ ತಂಡದ ಒಂದು ಸೀಸನ್ ಅಂದರೆ ಇಬ್ಬರ ಸೀಸನ್ನಾ, ಹನ್ನೊಂದು ಜನರ ಸೀಸನ್ನಾ? ನನ್ನ ಲೆಕ್ಕದಲ್ಲಿ ಆ ಇನಿಂಗ್ಸ್ ಎರಡನೇ ದಿನ ಬೆಳಿಗ್ಗೆಯೇ ನಿಲ್ಲಬೇಕಿತ್ತು. ಬೈಯುವವರು ಬೈಯಿರಿ.

ಕುಡ್ಲದ ಕೀಪರ್:
ಎಂತ ಮಾರಾಯ್ರೆ, ಬೆಳಿಗ್ಗೆ ಬೆಳಿಗ್ಗೆ ಸಚಿನ್ ಮೇಲೆಯೇ ಕೈ ಹಾಕಿದ್ದೀರಿ! ದಾಖಲೆ ಆಗುವಾಗ ಯಾರು ನಿಲ್ಲಿಸುತ್ತಾರೆ? ಆಗ ಅದು ಯಾವುದೇ ಮಟ್ಟದ ಕ್ರಿಕೆಟ್‌ನಲ್ಲಿ ಅತಿ ದೊಡ್ಡ ಜೊತೆಯಾಟ. 2006ರಲ್ಲಿ ಹೈದರಾಬಾದಿನ ಇಬ್ಬರು ಹುಡುಗರು 721 ಹೊಡೆಯುವವರೆಗೂ ಯಾರೂ ಅಲ್ಲಾಡಿಸಲಿಲ್ಲ.

ಅಂಧೇರಿ ಕನ್ನಡಿಗ:
ನಾನು ಓದಿದ್ದು, ಬೆಳೆದದ್ದು ಮುಂಬೈನಲ್ಲೇ. ಆ ಮ್ಯಾಚ್ ನೋಡಿಲ್ಲ. ಆದರೆ ಆಜಾದ್ ಮೈದಾನದಲ್ಲಿ ಸಾಕಷ್ಟು ಬಿಸಿಲು ಕಾದಿದ್ದೇನೆ. ಆ ಜಾಗ ಹೇಗಿರುತ್ತದೆ ಅಂತ ಹೇಳಿದರೆ ಈ ಚರ್ಚೆಗೆ ಸ್ವಲ್ಪ ಉಪಯೋಗ ಆಗಬಹುದು.

ಒಂದೇ ಮೈದಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪಿಚ್. ಒಂದು ಮ್ಯಾಚಿನ ಥರ್ಡ್‌ಮ್ಯಾನ್ ನಿಂತಿರುವುದು ಇನ್ನೊಂದು ಮ್ಯಾಚಿನ ಅಂಪೈರ್ ಪಕ್ಕದಲ್ಲಿ. ಚೆಂಡು ಬಂದರೆ ಮೊದಲು ನೋಡಬೇಕಾದದ್ದು ಇದು ನಮ್ಮದಾ, ಪಕ್ಕದವರದ್ದಾ ಅಂತ. ಇಂಥ ಕಡೆ ಬ್ಯಾಟಿಂಗ್ ಸಿಕ್ಕವನು ಬಿಟ್ಟುಕೊಡುವುದಿಲ್ಲ. ಮುಂಬೈ ಹುಡುಗರಿಗೆ ಮೊದಲು ಕಲಿಸುವುದೇ ಅದು. ಔಟಾದರೆ ಮತ್ತೆ ಯಾವಾಗ ಸಿಗುತ್ತದೋ ಗೊತ್ತಿಲ್ಲ, ಸುಮ್ನೆ ವಿಕೆಟ್ ಕೊಡಬೇಡ. ಅಲ್ಲಿ ಇದಕ್ಕೆ ಖಡೂಸ್ ಅನ್ನುತ್ತಾರೆ.

ಕೋಚ್ ರಮಾಕಾಂತ್ ಆಚ್ರೇಕರ್ ಶಿವಾಜಿ ಪಾರ್ಕಿನಲ್ಲಿ ಮಾಡುತ್ತಿದ್ದದ್ದೂ ಇದನ್ನೇ. ಅಭ್ಯಾಸದ ಕೊನೆಯಲ್ಲಿ ಸ್ಟಂಪ್ ಮೇಲೆ ಒಂದು ರೂಪಾಯಿ ನಾಣ್ಯ ಇಡುತ್ತಿದ್ದರು. ಸಚಿನ್ ಔಟಾದರೆ ನಾಣ್ಯ ಬೌಲರ್‌ಗೆ, ಉಳಿದರೆ ಸಚಿನ್‌ಗೆ. ಫೀಲ್ಡಿಂಗ್ ಮಾಡುವವರು ಹನ್ನೊಂದು ಜನ ಅಲ್ಲ, ನೆಟ್ಸ್‌ಗೆ ಬಂದ ಹುಡುಗರೆಲ್ಲ. ಗಾಳಿಯಲ್ಲಿ ಹೋದ ಚೆಂಡು ಎಲ್ಲಿ ಕ್ಯಾಚ್ ಆದರೂ ಔಟು. ಹಾಗೆ ಗೆದ್ದ 13 ನಾಣ್ಯ ಸಚಿನ್ ಹತ್ತಿರ ಈಗಲೂ ಇವೆಯಂತೆ. ಇಂಥ ಹುಡುಗನಿಗೆ ‘ಸಾಕು ಬಾ, ಬೇರೆಯವರಿಗೂ ಆಡಲು ಬಿಡು’ ಅಂದರೆ ಅರ್ಥವೇ ಆಗುತ್ತಿರಲಿಲ್ಲ.

ಲಾಂಗ್‌ಆನ್:
@ಅಂಧೇರಿ ಕನ್ನಡಿಗ, ಆದರೆ ಹೇಳಿದ್ದರಲ್ಲ ಸರ್! ಸಹಾಯಕ ಕೋಚ್ ಲಕ್ಷ್ಮಣ್ ಚವಾಣ್ ಬೌಂಡರಿ ಹತ್ತಿರ ನಿಂತು ಡಿಕ್ಲೇರ್ ಮಾಡಿ ಅಂತ ಕೂಗುತ್ತಲೇ ಇದ್ದರು. ಇವರಿಬ್ಬರೂ ಆ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ ಆಚ್ರೇಕರ್ ಅವರೇ ಫೋನಿನಲ್ಲಿ ಗದರಿದ ಮೇಲೆ ನಿಲ್ಲಿಸಿದರು. ಕಾಂಬ್ಳಿ ಒಂದೇ ಒಂದು ರನ್ ಬೇಕು, 350 ಮಾಡಿಬಿಡುತ್ತೇನೆ ಅಂತ ಕೇಳಿಕೊಂಡರೂ ಸರ್ ಒಪ್ಪಲಿಲ್ಲ. ಅಂದರೆ ಕೋಚ್‌ಗೂ ಇದು ಜಾಸ್ತಿ ಆಯಿತು ಅನ್ನಿಸಿತ್ತು.

ಸೇಂಟ್ ಝೇವಿಯರ್ಸ್ 145ಕ್ಕೆ ಆಲೌಟ್. ಅದರಲ್ಲಿ 37 ರನ್ನಿಗೆ 6 ವಿಕೆಟ್ ತೆಗೆದವರು ಯಾರು? ಅದೂ ಕಾಂಬ್ಳಿಯೇ! ಬ್ಯಾಟಿಂಗೂ ಅವರದ್ದೇ, ಬೌಲಿಂಗೂ ಅವರದ್ದೇ.

ಸ್ಕೋರ್‌ಬುಕ್:
ಈ ಮ್ಯಾಚ್ ಒಂದನ್ನೇ ಹಿಡಿದುಕೊಂಡರೆ ಆ ಸೀಸನ್ ಅರ್ಥ ಆಗುವುದಿಲ್ಲ. ಆ ಸಲದ ಹ್ಯಾರಿಸ್ ಶೀಲ್ಡ್‌ನಲ್ಲಿ ಸಚಿನ್ ಸ್ಕೋರು: ಔಟಾಗದೆ 21, ನಂತರ 125, ಔಟಾಗದೆ 207, ಔಟಾಗದೆ 326, ಫೈನಲ್‌ನಲ್ಲಿ ಔಟಾಗದೆ 346. ಔಟಾದದ್ದು ಒಂದೇ ಸಲ. ಒಟ್ಟು 1025, ಸರಾಸರಿಯೂ 1025. ಕೆಲವು ಕಡೆ ಸೆಮಿಫೈನಲ್ ಸ್ಕೋರನ್ನು 329 ಅಂತ ಬರೆದು ಒಟ್ಟು 1028 ಮಾಡಿರುತ್ತಾರೆ. ಯಾರಾದರೂ ಹಾಗೆ ವಾದಿಸಿದರೆ 748ರ ಕಾರ್ಡ್ ತೆಗೆದು ಕೂಡಿಸಿ ನೋಡಲು ಹೇಳಿ.

ಇನ್ನೊಂದು ವಿಷಯ. ಆಚೆ ಬೌಲಿಂಗ್ ಮಾಡಿದವರು ಯಾರು ಅಂತ ಯಾರೂ ಕೇಳುತ್ತಿಲ್ಲ. ಸೇಂಟ್ ಝೇವಿಯರ್ಸ್ ತಂಡದಲ್ಲಿ ಲೆಗ್‌ಸ್ಪಿನ್ನರ್ ಒಬ್ಬರಿದ್ದರು. 27 ಓವರ್, 182 ರನ್, ವಿಕೆಟ್ ಸೊನ್ನೆ. ಹೆಸರು ಸಾಯಿರಾಜ್ ಬಹುತುಲೆ. ಅದೇ ಬಹುತುಲೆ ಮುಂದೆ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 600ಕ್ಕೂ ಜಾಸ್ತಿ ವಿಕೆಟ್ ತೆಗೆದರು, ಭಾರತಕ್ಕೆ 2 ಟೆಸ್ಟ್, 8 ಒನ್‌ಡೇ ಆಡಿದರು. 182ಕ್ಕೆ ಸೊನ್ನೆ ಹಾಕಿಸಿಕೊಂಡ ಹುಡುಗ ಮರುದಿನ ಮತ್ತೆ ನೆಟ್ಸ್‌ಗೆ ಬಂದಿದ್ದಾನಲ್ಲ, ನನಗೆ ಅದೇ ಆ ಮ್ಯಾಚಿನ ದೊಡ್ಡ ವಿಷಯ.

ಗದಗ ಎಡಗೈ:
ಸ್ಕೋರ್‌ಬುಕ್ ಸರ್, ಸ್ಪಿನ್ನರ್ ಮಾತು ತೆಗೆದಿದ್ದಕ್ಕೆ ನಿಮಗೊಂದು ಸಲಾಂ ರೀ. ಭಾರತಕ್ಕೆ ಆಡಿದ ಸ್ಪಿನ್ನರ್, ನಮ್ಮೂರಿನ ಸುನಿಲ್ ಜೋಶಿ ಶಾಲೆಗೆ ಹೋಗುವ ದಿನಗಳಲ್ಲಿ ನಸುಕಿನಲ್ಲೇ ಎದ್ದು ಹುಬ್ಬಳ್ಳಿಗೆ ಹೋಗಿ, ಪ್ರಾಕ್ಟೀಸ್ ಮಾಡಿ, ಮತ್ತೆ ಗದಗಿಗೆ ಬಂದು ಕ್ಲಾಸಿನಲ್ಲಿ ಕೂರುತ್ತಿದ್ದರು. ದಾದರ್‌ನವರಿಗೆ ಶಿವಾಜಿ ಪಾರ್ಕ್ ಮನೆ ಬಾಗಿಲಿಗೆ ಇತ್ತು. ನಮ್ಮ ಕಡೆ ಬಸ್ಸೋ ರೈಲೋ ಹಿಡಿದು ಹೋದರೆ ಮಾತ್ರ ನೆಟ್ಸ್. ಬ್ಯಾಟಿಂಗ್ ಸರದಿ ಬರಲಿಲ್ಲ ಅನ್ನುವುದು ದೊಡ್ಡ ಊರಿನವರ ದುಃಖ ನೋಡ್ರಿ.

ಪಿಟಿ ಮೇಷ್ಟ್ರು:
ಚರ್ಚೆ ಚೆನ್ನಾಗಿದೆ. ನಾನು ತಾಲ್ಲೂಕು ಮಟ್ಟದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ನಮ್ಮ ಹೋಬಳಿ ಕ್ರೀಡಾಕೂಟ ಅಂದರೆ ಕಬಡ್ಡಿ, ಖೊ ಖೊ, ವಾಲಿಬಾಲ್, ಥ್ರೋಬಾಲ್. ಕ್ರಿಕೆಟ್ ನಮ್ಮ ಆಸೆಗೆ, ಮಕ್ಕಳ ಹಟಕ್ಕೆ ನಡೆಯುತ್ತದೆ. ಅಕ್ಕಪಕ್ಕದ ಶಾಲೆಗಳ ಜೊತೆ ಮಾತಾಡಿಕೊಂಡು ಮಳೆ ನಿಂತ ಮೇಲೆ ಒಂದಷ್ಟು ಶನಿವಾರ ಮ್ಯಾಚ್ ಇಟ್ಟುಕೊಳ್ಳುತ್ತೇವೆ. ಅದೇ ನಮ್ಮ ಸೀಸನ್.

ಪ್ಯಾಡ್ ಕಟ್ಟಿ ಕೂರುವ ಮಾತು ಬಂತಲ್ಲ, ನಮ್ಮಲ್ಲಿ ಆ ಭಾಗ್ಯವೂ ಇಲ್ಲ. ಸರಿಯಾದ ಪ್ಯಾಡ್ ಇರುವುದೇ ಎರಡು ಜೊತೆ, ಅವು ಕ್ರೀಸಿನಲ್ಲಿ ಇರುವವರ ಕಾಲಿನಲ್ಲಿ. ವಿಕೆಟ್ ಬಿದ್ದರೆ ಔಟಾದವನು ಓಡಿ ಬರುತ್ತಾನೆ, ಮುಂದಿನವನು ಬೌಂಡರಿ ಗೆರೆ ಮೇಲೆ ಕಾಲು ಚಾಚಿ ಕೂತಿರುತ್ತಾನೆ. ಒಬ್ಬ ಎಡಗಾಲಿನದ್ದು ಬಿಚ್ಚಿ ಕಟ್ಟುತ್ತಾನೆ, ಇನ್ನೊಬ್ಬ ಬಲಗಾಲಿನದ್ದು. ಮೇಲಿನ ಪಟ್ಟಿ ಹರಿದುಹೋಗಿದೆ, ಅಲ್ಲಿಗೆ ಶೂ ಲೇಸು. ಅಂಪೈರ್ ಆಗಿ ನಿಂತಿರುವ ಎದುರು ಶಾಲೆಯ ಮೇಷ್ಟ್ರು ವಾಚು ನೋಡುತ್ತಾರೆ. ಟೈಮ್ಡ್ ಔಟ್ ಕೊಟ್ಟರೆ ನಮ್ಮವರು ಅರ್ಧ ಜನ ಹಾಗೇ ಔಟು.

ಪಿಚ್ ಸಿಮೆಂಟಿನದ್ದು. ಮೇಲೆ ಮ್ಯಾಟ್ ಹಾಸುತ್ತೇವೆ. ಮ್ಯಾಟ್ ಅಂಚಿಗೆ ಚೆಂಡು ಬಿದ್ದರೆ ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು. ಮ್ಯಾಟ್ ಬಿಟ್ಟು ಆಡಿದರೆ ಹತ್ತು ಓವರ್‌ನಲ್ಲಿ ಲೆದರ್ ಬಾಲ್ ತುರಿಮಣೆಗೆ ಹಾಕಿದ ಕಾಯಿಯ ಹಾಗೆ ಆಗಿರುತ್ತದೆ. ಇಷ್ಟರಲ್ಲಿ ಒಬ್ಬನೇ ನೂರು ಹೊಡೆಯುತ್ತಾ ನಿಂತರೆ ಉಳಿದವರು ಮುಂದಿನ ಶನಿವಾರ ಬರುವುದೇ ಇಲ್ಲ.

ಅದಕ್ಕೆ ನಾನು ಮಾಡಿರುವುದು ಇಷ್ಟು. ಸ್ನೇಹದ ಮ್ಯಾಚ್‌ಗಳಲ್ಲಿ 30 ಹೊಡೆದವನು ನಾಟೌಟಾಗಿಯೇ ಆಚೆ ಬರಬೇಕು. ಎಲ್ಲರೂ ಔಟಾದರೆ ಮತ್ತೆ ಹೋಗಬಹುದು. ಈ ವಾರ ಬ್ಯಾಟಿಂಗ್ ಸಿಗದವನು ಮುಂದಿನ ವಾರ ಓಪನರ್. 20 ಓವರ್‌ಗೆ ಕಡಿಮೆ ಅಂದರೂ ಆರು ಬೌಲರ್. ಕಪ್ ಇರುವ ಮ್ಯಾಚಾದರೆ ಈ ನಿಯಮ ಇಲ್ಲ, ಅಲ್ಲಿ ಗೆಲ್ಲಲೇಬೇಕು ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ. ಬೇಜಾರಾಗುತ್ತದೆ. ಆದರೆ ಗೊತ್ತಿದ್ದು ಆಗುವ ಬೇಜಾರು.

ಬಸವನಗುಡಿ ಅಮ್ಮ:
ಮೇಷ್ಟ್ರೇ, ನಿಮ್ಮಂಥವರು ಬೆಂಗಳೂರಿಗೆ ಯಾವಾಗ ವರ್ಗ ಆಗಿ ಬರುತ್ತೀರಿ? ನನ್ನ ಮಗ ಒಂದು ಶಾಲಾ ತಂಡದಲ್ಲಿ ಎಂಟನೇ ನಂಬರ್ ಬ್ಯಾಟ್ಸ್‌ಮನ್. ಬೌಲಿಂಗ್ ಕೊಡುವುದಿಲ್ಲ. ಬ್ಯಾಟಿಂಗ್ ಬರುವುದಿಲ್ಲ. ಮ್ಯಾಚಿಗೆ ಹೋಗಿ, ಬೌಂಡರಿಯಲ್ಲಿ ನಿಂತು, ಬಿಸಿಲಿಗೆ ಕಪ್ಪಾಗಿ ಬರುತ್ತಾನೆ. ಕಿಟ್ ಬ್ಯಾಗ್ ಮಾತ್ರ ಅವನಿಗಿಂತ ಭಾರ. ಹೇಗಾಯ್ತೋ ಅಂತ ಕೇಳಿದರೆ ‘ಗೆದ್ವಿ ಅಮ್ಮ’ ಅನ್ನುತ್ತಾನೆ. ಅವನಿಗೆ ನಿಜಕ್ಕೂ ಖುಷಿ. ಹೊಟ್ಟೆ ಉರಿಯುವುದು ನನಗೆ!

ಲಾಂಗ್‌ಆನ್ ಅವರು ಹೇಳಿದ ಆ ಅಮೋಲ್ ಮುಂದೆ ಏನಾದರು? ಅದನ್ನು ಹೇಳದೆ ಬಿಟ್ಟಿದ್ದೀರಿ.

ಸ್ಕೋರ್‌ಬುಕ್:
ಅಮ್ಮ, ಅದು ನಾನು ಹೇಳುತ್ತೇನೆ. ಮಜುಂದಾರ್ 1994ರಲ್ಲಿ ಮುಂಬೈ ಪರ ಮೊದಲ ರಣಜಿ ಮ್ಯಾಚಿನಲ್ಲೇ ಹರಿಯಾಣ ಮೇಲೆ 260 ಹೊಡೆದರು. ಪ್ರಥಮ ದರ್ಜೆ ಪದಾರ್ಪಣೆಯಲ್ಲಿ ಆಗ ಅದೇ ವಿಶ್ವದಾಖಲೆ. ಎಲ್ಲರೂ ಮುಂದಿನ ತೆಂಡೂಲ್ಕರ್ ಅಂದರು. ಕೊನೆಗೆ ಪ್ರಥಮ ದರ್ಜೆಯಲ್ಲಿ 11,167 ರನ್, 30 ಶತಕ. ಭಾರತಕ್ಕೆ ಆಡಿದ್ದು ಸೊನ್ನೆ ಮ್ಯಾಚು. ಮಧ್ಯಮ ಕ್ರಮಾಂಕದಲ್ಲಿ ತೆಂಡೂಲ್ಕರ್, ಗಂಗೂಲಿ, ಲಕ್ಷ್ಮಣ್ ಕೂತಿದ್ದರು. ಜೊತೆಗೆ ನಮ್ಮ ದ್ರಾವಿಡ್. ಅಲ್ಲಿ ಜಾಗ ಎಲ್ಲಿತ್ತು?

2006–07ರಲ್ಲಿ ನಾಯಕರಾಗಿ ಮುಂಬೈಗೆ ರಣಜಿ ಟ್ರೋಫಿ ತಂದುಕೊಟ್ಟರು. 2023ರ ಅಕ್ಟೋಬರ್‌ನಲ್ಲಿ ಭಾರತದ ಮಹಿಳಾ ತಂಡಕ್ಕೆ ಕೋಚ್ ಆದರು. 2025ರ ನವೆಂಬರ್ 2, ನವಿ ಮುಂಬೈ, ದಕ್ಷಿಣ ಆಫ್ರಿಕಾ ವಿರುದ್ಧ 52 ರನ್ ಗೆಲುವು, ನಮ್ಮ ಹೆಣ್ಣುಮಕ್ಕಳಿಗೆ ಮೊದಲ ಒನ್‌ಡೇ ವಿಶ್ವಕಪ್. ಕೋಚ್ ಅದೇ ಮಜುಂದಾರ್.

ಕುಡ್ಲದ ಕೀಪರ್:
ನೋಡಿ, ಕೊನೆಗೆ ಒಳ್ಳೆಯದೇ ಆಯಿತಲ್ಲ! ಕಾದವನಿಗೆ ಸಿಕ್ಕಿತು.

ಲಾಂಗ್‌ಆನ್:
ಕೀಪರ್ ಅವರೇ, ಇದೇ ನನಗೆ ಕಿರಿಕಿರಿ. ಒಬ್ಬ ಮಜುಂದಾರ್ ಕಥೆ ಹೇಳಿ ಕಾಯುವುದು ಒಳ್ಳೆಯದು ಅಂತ ಸಾಧಿಸಬೇಡಿ. ಆರನೇ, ಏಳನೇ ನಂಬರಿನವರ ಕಥೆ ನಿಮಗೆ ಗೊತ್ತಾ? ಮಜುಂದಾರ್‌ಗೆ ಆಟ ಇತ್ತು, ಆಚ್ರೇಕರ್ ಇದ್ದರು, ಇನ್ನೊಂದು ಮ್ಯಾಚು ಸಿಕ್ಕೇ ಸಿಗುತ್ತಿತ್ತು. ಎಂಟನೇ ನಂಬರಿನ ಹುಡುಗನಿಗೆ ಅದು ಬಹುಶಃ ಜೀವನದ ದೊಡ್ಡ ಮ್ಯಾಚು.

ಅಂಧೇರಿ ಕನ್ನಡಿಗ:
ಇಲ್ಲಿ ಒಂದು ಮಾತು ಸೇರಿಸಬೇಕು. ಮುಂಬೈನಲ್ಲಿ ‘ಶಾಲಾ ತಂಡ’ ಅಂದರೆ ನೀವು ಅಂದುಕೊಂಡ ಶಾಲಾ ತಂಡ ಅಲ್ಲ. ಸಚಿನ್ ಮೊದಲು ಓದುತ್ತಿದ್ದದ್ದು ಬಾಂದ್ರಾದಲ್ಲಿ. ಆಚ್ರೇಕರ್ ಹೇಳಿದರು ಅಂತ ಶಾರದಾಶ್ರಮಕ್ಕೆ ಬಂದದ್ದು. ಪ್ರವೀಣ್ ಆಮ್ರೆ, ಅಜಿತ್ ಅಗರ್ಕರ್ ಕೂಡ ಅದೇ ಶಾಲೆಯವರು. ಒಳ್ಳೆ ಆಟಗಾರರು ಒಂದೆರಡು ಶಾಲೆಗೆ ಬಂದು ಸೇರುತ್ತಾರೆ. ಎದುರಿಗೆ ಬರುವ ತಂಡದಲ್ಲಿ ನಿಜವಾದ ಶಾಲಾ ಮಕ್ಕಳು. ಅದಕ್ಕೇ ಈ ರಾಶಿ ರಾಶಿ ಸ್ಕೋರು. 2013ರಲ್ಲಿ ರಿಝ್ವಿ ಸ್ಪ್ರಿಂಗ್‌ಫೀಲ್ಡ್ ಶಾಲೆಯ ಪೃಥ್ವಿ ಶಾ ಇದೇ ಹ್ಯಾರಿಸ್ ಶೀಲ್ಡ್‌ನಲ್ಲಿ 546 ಹೊಡೆದದ್ದು ನೆನಪಿದೆಯಲ್ಲ? ಅದೇ ಶಾಲೆಯಿಂದ 2009ರಲ್ಲಿ ಸರ್ಫರಾಝ್ ಖಾನ್ 439. ಎಲ್ಲಾ ದೊಡ್ಡ ಆಟಗಾರರೇ, ಅನುಮಾನ ಇಲ್ಲ. ಆದರೆ ಎದುರು ಬೌಲಿಂಗ್ ಮಾಡಿದ ಹುಡುಗರಿಗೆ ಆ ದಿನ ಏನು ಕಲಿಕೆ ಆಯಿತು?

ಸ್ಕೋರ್‌ಬುಕ್:
ಇದರ ತುದಿ ನೋಡಬೇಕಾದರೆ 2016ರ ಜನವರಿಯ ಕಲ್ಯಾಣ್ ಮ್ಯಾಚ್ ನೋಡಿ. ಕೆ.ಸಿ. ಗಾಂಧಿ ಶಾಲೆಯ ಪ್ರಣವ್ ಧನವಾಡೆ 323 ಎಸೆತದಲ್ಲಿ ಔಟಾಗದೆ 1009. 129 ಬೌಂಡರಿ, 59 ಸಿಕ್ಸರ್. ತಂಡ 1465ಕ್ಕೆ 3. ಎದುರಾಳಿ ಆರ್ಯ ಗುರುಕುಲ ಎರಡು ಇನಿಂಗ್ಸ್‌ನಲ್ಲಿ 31 ಮತ್ತು 52. ಇಂಗ್ಲೆಂಡಿನಲ್ಲಿ 1899ರಲ್ಲಿ ಕಾಲಿನ್ಸ್ ಅನ್ನುವ 13ರ ಹುಡುಗ ಮಾಡಿದ್ದ 628ರ ದಾಖಲೆ ಅವತ್ತು ಮುರಿಯಿತು.

ಧನವಾಡೆ ಆಟೋ ಚಾಲಕರ ಮಗ. ಊರೆಲ್ಲ ಕೊಂಡಾಡಿತು, ಮುಂಬೈ ಕ್ರಿಕೆಟ್ ಸಂಸ್ಥೆ ತಿಂಗಳಿಗೆ 10,000 ರೂಪಾಯಿ ವಿದ್ಯಾರ್ಥಿವೇತನ ಕೊಟ್ಟಿತು. ಮುಂದಿನ ವರ್ಷ ಆಟ ಕೈಕೊಟ್ಟಿತು, ಅಪ್ಪನೇ ಪತ್ರ ಬರೆದು ಆ ಹಣ ನಿಲ್ಲಿಸಿ ಅಂದರು. ಆ ಸ್ಕೋರಿನಿಂದ ಹೊಡೆದವನಿಗೂ ದೊಡ್ಡ ಉಪಕಾರ ಆಗಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಬಸವನಗುಡಿ ಅಮ್ಮ:
ಬೆಂಗಳೂರೇನು ಕಮ್ಮಿ ಇಲ್ಲ. 2018ರಲ್ಲಿ ಕೆಎಸ್‌ಸಿಎಯ (ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ) ಬಿಟಿಆರ್ ಕಪ್, 14ರ ಒಳಗಿನವರ ಪಂದ್ಯ. ಒಂದು ಕಡೆ ದ್ರಾವಿಡ್ ಮಗ ಸಮಿತ್ 150, ಸುನಿಲ್ ಜೋಶಿ ಮಗ ಆರ್ಯನ್ 154. ತಂಡ 500 ಹೊಡೆದು ಎದುರಾಳಿಯನ್ನು 88ಕ್ಕೆ ಆಲೌಟ್ ಮಾಡಿತು. 412 ರನ್ ಗೆಲುವು. ಪೇಪರಿನಲ್ಲಿ ಫೋಟೋ ಬಂದದ್ದು ಯಾರದ್ದು ಅಂತ ಹೇಳಬೇಕಾಗಿಲ್ಲ. ನಾನು ಮಾತ್ರ ಆ 88 ಹೊಡೆದ ತಂಡದ ಅಮ್ಮಂದಿರನ್ನು ನೆನೆಸಿಕೊಂಡೆ.

ಗದಗ ಎಡಗೈ:
ಗದಗಿನ ಜೋಶಿಯವರ ಮಗ ಬೆಂಗಳೂರಿನಲ್ಲಿ 154 ಹೊಡೆದ ಅಂತ ನಾನು ಖುಷಿ ಪಡಬೇಕೋ, ಎದುರಾಳಿಗೆ ಅಯ್ಯೋ ಅನ್ನಬೇಕೋ ತಿಳಿಯಲಿಲ್ಲ ಅಮ್ಮಾರ. ಮೊದಲು ಖುಷಿ ಪಟ್ಟುಬಿಡುತ್ತೇನೆ.

ಕುಡ್ಲದ ಕೀಪರ್:
ಎಲ್ಲರೂ ಸೇರಿ ದೊಡ್ಡ ಸ್ಕೋರನ್ನೇ ಅಪರಾಧ ಮಾಡಿಬಿಟ್ಟಿರಲ್ಲ. 2024ರ ಜನವರಿಯಲ್ಲಿ ಶಿವಮೊಗ್ಗದ ನವಿಲೆ ಮೈದಾನದಲ್ಲಿ ನಮ್ಮ ಪ್ರಖರ್ ಚತುರ್ವೇದಿ ಕೂಚ್ ಬೆಹಾರ್ ಫೈನಲ್‌ನಲ್ಲಿ ಮುಂಬೈ ಮೇಲೆ ಔಟಾಗದೆ 404 ಹೊಡೆದಾಗ ಇಲ್ಲಿ ಎಷ್ಟು ಜನ ಸ್ಟೇಟಸ್ ಹಾಕಿದಿರಿ? ಆಗ ಯಾರಿಗೂ ಪ್ಯಾಡ್ ಕಟ್ಟಿ ಕೂತವರ ನೆನಪಾಗಲಿಲ್ಲ!

ಲಾಂಗ್‌ಆನ್:
ನಾನೂ ಹಾಕಿದ್ದೆ. ಮುಂಬೈ ಎದುರು ಅಂದರೆ ಇನ್ನೂ ಸ್ವಲ್ಪ ಜಾಸ್ತಿಯೇ ಖುಷಿ. ಆದರೆ ಅದು ರಾಜ್ಯಕ್ಕೆ ಆರಿಸಿದ 19ರ ಒಳಗಿನವರ ಮ್ಯಾಚು. ಮೊದಲ ಇನಿಂಗ್ಸ್ ಲೀಡ್ ಮೇಲೆ ಕಪ್ ನಿರ್ಧಾರ ಆಗುವಾಗ ಎದುರಾಳಿಯನ್ನು ಮೈದಾನದಲ್ಲೇ ಕೂಡಿಹಾಕಬೇಕು. ಅಲ್ಲಿ ಆಡುವುದೇ ಗೆಲ್ಲಲಿಕ್ಕೆ. 14ರ ಮಕ್ಕಳು ಆಡುವುದು ಕಲಿಯಲಿಕ್ಕೆ. ಕೋಚ್‌ಗೆ ಇವೆರಡರ ವ್ಯತ್ಯಾಸ ಗೊತ್ತಿದ್ದರೆ ಸಾಕು.

ಅಂಧೇರಿ ಕನ್ನಡಿಗ:
ಆಚ್ರೇಕರ್ ಪರ ಒಂದು ಮಾತು. ಸಚಿನ್ ಚಿಕ್ಕವನಿದ್ದಾಗ ತನ್ನ ಪ್ರಾಕ್ಟೀಸ್ ಮ್ಯಾಚ್ ತಪ್ಪಿಸಿ ಶಾಲೆಯ ಸೀನಿಯರ್ ತಂಡದ ಫೈನಲ್‌ಗೆ ಚಪ್ಪಾಳೆ ಹೊಡೆಯಲು ಹೋಗಿದ್ದರು. ಸರ್ ಅಲ್ಲೇ ಸಿಕ್ಕರು, ಸರಿಯಾಗಿ ಬೈದರು. ಬೇರೆಯವರಿಗೆ ಚಪ್ಪಾಳೆ ಹೊಡೆಯಬೇಡ, ನಿನಗೆ ಬೇರೆಯವರು ಹೊಡೆಯುವ ಹಾಗೆ ಆಡು ಅಂದರು ಅಂತ ಸಚಿನ್ ಅವರೇ ಹೇಳಿದ್ದಾರೆ. ಬೇಸಿಗೆ ರಜೆಯಲ್ಲಿ ಹೆಚ್ಚುಕಡಿಮೆ ದಿನಾ ಹುಡುಗರಿಗೆ ಮ್ಯಾಚ್ ಹೊಂದಿಸುತ್ತಿದ್ದರು, ಸ್ಕೂಟರ್ ಹಿಂದೆ ಕೂರಿಸಿಕೊಂಡು ಒಂದು ಮೈದಾನದಿಂದ ಇನ್ನೊಂದಕ್ಕೆ. ಅಂದರೆ ಸೆಮಿಫೈನಲ್‌ನಲ್ಲಿ ಸರದಿ ಬರದಿದ್ದವನಿಗೂ ಬೇರೆ ಕಡೆ ಬ್ಯಾಟಿಂಗ್ ಸಿಗುತ್ತಿತ್ತು. ಪಿಟಿ ಮೇಷ್ಟ್ರು ಶನಿವಾರ ಮಾಡುವುದೂ ಅದೇ ಕೆಲಸ, ಸ್ಕೂಟರ್ ಒಂದಿಲ್ಲ ಅಷ್ಟೇ.

ಪಿಟಿ ಮೇಷ್ಟ್ರು:
ಸ್ಕೂಟರ್ ಇದೆ ಸರ್, ಪೆಟ್ರೋಲ್ ನನ್ನದೇ!

ನಾನು ಲಾಂಗ್‌ಆನ್ ಅವರ ಪೂರ್ತಿ ಪಕ್ಷ ಅಲ್ಲ. ಪ್ರತಿಭೆ ಇರುವವನನ್ನು ತಡೆದು ನಿಲ್ಲಿಸಿದರೂ ತಪ್ಪೇ. ನಮ್ಮಲ್ಲಿ ಈಗ ಒಂಬತ್ತನೇ ಕ್ಲಾಸಿನ ಒಬ್ಬ ಎಡಗೈ ಹುಡುಗ ಇದ್ದಾನೆ. 30 ಆದ ಕೂಡಲೇ ಆಚೆ ಕರೆದರೆ ಮುಖ ಸಪ್ಪೆ. ಅವನಿಗೆ ಉದ್ದ ಇನಿಂಗ್ಸ್ ಕಟ್ಟಿ ಅಭ್ಯಾಸ ಆಗಬೇಕು, ಅದು ನನ್ನ ನಿಯಮದಲ್ಲಿ ಸಾಧ್ಯ ಇಲ್ಲ. ಜಿಲ್ಲಾ ಕೇಂದ್ರದ ಸೆಲೆಕ್ಷನ್‌ಗೆ ಹೋದರೆ ಅಲ್ಲಿ 30 ಯಾರಿಗೂ ಕಾಣುವುದಿಲ್ಲ. ಹಾಗಾಗಿ ಈ ಸಲ ಅವನಿಗೆ ಮಾತ್ರ ಒಂದು ಮ್ಯಾಚಿನಲ್ಲಿ ಮಿತಿ ತೆಗೆದೆ. 71 ಹೊಡೆದ. ಉಳಿದವರು ಗೊಣಗಲಿಲ್ಲ. ಯಾಕೆಂದರೆ ಹಿಂದಿನ ಶನಿವಾರಗಳಲ್ಲಿ ಎಲ್ಲರಿಗೂ ಸರದಿ ಸಿಕ್ಕಿತ್ತು.

ಇನ್ನೊಂದು ಉಪಾಯ, ಬಸವನಗುಡಿ ಅಮ್ಮನಿಗೆ. ಮಗನಿಗೆ ಬ್ಯಾಟಿಂಗ್ ಬರದಿದ್ದ ದಿನ ಸ್ಕೋರ್‌ಬುಕ್ ಹಿಡಿಯಲು ಹೇಳಿ. ಯಾವ ಬೌಲರ್ ಎಷ್ಟನೇ ಓವರ್‌ನಲ್ಲಿ ಸುಸ್ತಾಗುತ್ತಾನೆ, ಯಾರು ಯಾವ ಕಡೆ ಹೊಡೆಯುತ್ತಾರೆ ಅಂತ ತಾನಾಗಿಯೇ ಕಾಣುತ್ತದೆ. ನಮ್ಮ ಈಗಿನ ಕ್ಯಾಪ್ಟನ್ ಹೋದ ವರ್ಷದ ಸ್ಕೋರರ್. ಜೊತೆಗೆ ಕೋಚ್ ಹತ್ತಿರ ಮಗನೇ ಹೋಗಿ, ನೆಟ್ಸ್‌ನಲ್ಲಿ ನನಗೆ ಬೌಲಿಂಗ್ ಕೊಡಿ ಸರ್ ಅಂತ ಕೇಳಲಿ. ನೀವು ಕೇಳಬೇಡಿ. ಪೋಷಕರು ಕೇಳಿದರೆ ನಮಗೆ ಕೋಪ ಬರುತ್ತದೆ, ಹುಡುಗ ಕೇಳಿದರೆ ಬರುವುದಿಲ್ಲ.

ಬಸವನಗುಡಿ ಅಮ್ಮ:
ಇದು ಸರಿ ಮೇಷ್ಟ್ರೇ, ಹೇಳುತ್ತೇನೆ. ನಾನು ಕೇಳಿಯೂ ಆಗಿದೆ, ನಿಮಗೆ ಬರುವ ಕೋಪ ಅವರಿಗೂ ಬಂದೂ ಆಗಿದೆ.

ಗದಗ ಎಡಗೈ:
ಮೇಷ್ಟ್ರೇ, ಆ ಎಡಗೈ ಹುಡುಗನಿಗೆ ಗ್ಲೌಸ್ ಇದೆಯಾ? ನಾನು ಶಾಲೆಯಲ್ಲಿ ಆಡುವಾಗ ಬಲಗೈಯವರ ಗ್ಲೌಸ್ ಹಾಕಿಕೊಂಡೇ ಆಡಿದ್ದು. ಕೆಳಗಿನ ಕೈಯ ಹೆಬ್ಬೆರಳಿಗೆ ಸರಿಯಾದ ರಕ್ಷಣೆ ಇರುವುದಿಲ್ಲ. ಒಂದು ಸಲ ಏಟು ಬಿದ್ದರೆ ಮುಂದಿನ ಚೆಂಡಿಗೆ ಕಾಲು ತಾನಾಗಿಯೇ ಲೆಗ್ ಕಡೆ ಓಡುತ್ತದೆ.

ಪಿಟಿ ಮೇಷ್ಟ್ರು:
ಇಲ್ಲ ಸರ್. ಅವನೂ ಬಲಗೈಯವರ ಗ್ಲೌಸಿನಲ್ಲೇ ಆಡುತ್ತಿದ್ದಾನೆ. ಅಂಗಡಿಯಲ್ಲಿ ಕೇಳಿದರೆ ಎಡಗೈದು ಆರ್ಡರ್ ಕೊಟ್ಟು ತರಿಸಬೇಕು ಅನ್ನುತ್ತಾರೆ.

ಗದಗ ಎಡಗೈ:
ನನ್ನ ತಮ್ಮನ ಮಗನದ್ದು ಒಂದು ಜೊತೆ ಇದೆ, ಅವನು ಈಗ ದೊಡ್ಡವನಾದ. ಅಂಗೈ ಕಡೆ ಸ್ವಲ್ಪ ಸವೆದಿದೆ, ಮಿಕ್ಕಿದ್ದು ಗಟ್ಟಿ ಇದೆ. ಸೈಜ್ ಬಾಯ್ಸ್ ಬೇಕಾ, ಯೂತ್ ಬೇಕಾ ಹೇಳ್ರಿ. ಬಸ್ಸಿನ ಪಾರ್ಸಲ್‌ಗೆ ಹಾಕುತ್ತೇನೆ.

ಪಿಟಿ ಮೇಷ್ಟ್ರು:
ಯೂತ್ ಆಗುತ್ತದೆ ಸರ್. ನಾಳೆ ಅವನ ಕೈ ಅಳತೆ ತೆಗೆದು ಮೆಸೇಜ್ ಹಾಕುತ್ತೇನೆ.